ಗರಗರ ಎನ್ನುವ ಗೇರಿಗೆ ಗ್ರೀಸೊಂದೇ ಮದ್ದಲ್ಲ
ಹಳೆಯ ಸುತ್ತುವ ತುರ್ತು ದೀಪಗಳ ರಿಪೇರಿ: ತಪ್ಪು ಕಲ್ಪನೆ ಮತ್ತು ಸತ್ಯ

1950–60ರ ದಶಕಗಳಲ್ಲಿ ಅಮೆರಿಕದ ಪೊಲೀಸ್ ಕಾರು, ಅಗ್ನಿಶಾಮಕ ವಾಹನ, ಆಂಬುಲೆನ್ಸ್‌ಗಳ ನೆತ್ತಿಯ ಮೇಲೆ ಸುತ್ತುತ್ತಿದ್ದ ಗುಮ್ಮಟದಾಕಾರದ ದೀಪಗಳು ಇಂದು ಸಂಗ್ರಾಹಕರ ಅಚ್ಚುಮೆಚ್ಚು. ಶಿಕಾಗೋದಲ್ಲಿ ಹುಟ್ಟಿದ ಫೆಡರಲ್ ಕಂಪನಿಯ ‘ಬೀಕನ್ ರೇ’ ಇವುಗಳಲ್ಲಿ ಬಹಳ ಹೆಸರುವಾಸಿ. ಒಳಗೆ ಎಲೆಕ್ಟ್ರಾನಿಕ್ಸ್ ಇಲ್ಲ. ಒಂದು ಪುಟ್ಟ ಡಿ.ಸಿ. ಮೋಟಾರು, ಅದರ ವೇಗ ತಗ್ಗಿಸುವ ಗೇರು, ಗೇರಿನ ಜೊತೆ ತಿರುಗುವ ಸೀಲ್ಡ್ ಬೀಮ್ ಬಲ್ಬುಗಳು, ಅವಕ್ಕೆ ಕರೆಂಟು ಮುಟ್ಟಿಸುವ ಬ್ರಷ್ಷು ಮತ್ತು ಸ್ಲಿಪ್ ರಿಂಗ್, ಇಷ್ಟೇ. ತಾಳ್ಮೆಯಿರುವ ಯಾರಾದರೂ ಬಿಚ್ಚಿ ಸರಿಮಾಡಬಹುದಾದ ಯಂತ್ರ ಇದು. ಆದರೆ ಗರಗರ ಸದ್ದು ಶುರುವಾದೊಡನೆ ಅವಸರದಲ್ಲಿ ಮಾಡುವ ಚಿಕಿತ್ಸೆಯೇ ಎಷ್ಟೋ ದೀಪಗಳನ್ನು ಹಾಳುಮಾಡುತ್ತದೆ. ಅದರ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಸದ್ದು ಬಂದರೆ ಗೇರು ಸವೆದಿದೆ ಎಂದೇ ಅರ್ಥ, ಬದಲಾಯಿಸಲೇಬೇಕು.

ಸತ್ಯ: ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ. ದೀಪವನ್ನು ತಗಡಿನ ಮೇಲಿಂದ ಇಳಿಸಿ, ಮಡಚಿದ ದಪ್ಪ ಟವೆಲ್ಲಿನ ಮೇಲಿಟ್ಟು ಓಡಿಸಿ ನೋಡಿ. ಸದ್ದು ಅರ್ಧಕ್ಕರ್ಧ ಇಳಿದರೆ ತಪ್ಪು ಗೇರಿನದಷ್ಟೇ ಅಲ್ಲ. ಕೆಳಗಿನ ತಗಡು ತಮಟೆಯಂತೆ ಸದ್ದನ್ನು ದೊಡ್ಡದು ಮಾಡುತ್ತಿದೆ, ನಡುವಿನ ರಬ್ಬರು ಗಟ್ಟಿಯಾಗಿದೆ. ಆಮೇಲೆ ಗುಮ್ಮಟ ತೆಗೆದು ಓಡಿಸಿ. ಕೊನೆಗೆ ಮೋಟಾರನ್ನು ಗೇರಿನಿಂದ ಬಿಡಿಸಿ ಅದೊಂದನ್ನೇ ಓಡಿಸಿ. ಆಗಲೂ ಕೀರಲು ದನಿ ಉಳಿದರೆ ಒಣಗಿದ ಬುಷ್ಷನ್ನೋ ಕಾರ್ಬನ್ ಬ್ರಷ್ಷನ್ನೋ ಅನುಮಾನಿಸಬೇಕು. ಸುತ್ತಿಗೊಮ್ಮೆ ‘ಟಕ್’ ಎಂದರೆ ದೊಡ್ಡ ಗೇರಿನ ಒಂದು ಹಲ್ಲು ಮುಕ್ಕಾಗಿರಬಹುದು, ಇಲ್ಲವೇ ಹಲ್ಲುಗಳ ಸಂದಿಯಲ್ಲಿ ಕಸ ಸಿಕ್ಕಿಕೊಂಡಿರಬಹುದು. ಇಷ್ಟೆಲ್ಲ ಆದ ಮೇಲಷ್ಟೇ ಹೊಸ ಗೇರಿನ ಮಾತು.

ತಪ್ಪು ಕಲ್ಪನೆ 2: ಡಬ್ಲ್ಯೂಡಿ-40 ಹೊಡೆದರೆ ಸಾಕು.

ಸತ್ಯ: 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇದನ್ನು ರೂಪಿಸಿದ್ದು ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯಲು. ಅದರಲ್ಲಿ ಬಹುಪಾಲು ದ್ರಾವಕ. ಸಿಂಪಡಿಸಿದ ತಕ್ಷಣ ಗಟ್ಟಿಯಾದ ಗ್ರೀಸು ಸಡಿಲವಾಗಿ ಸದ್ದು ತಗ್ಗುತ್ತದೆ, ರೋಗ ವಾಸಿಯಾಯಿತು ಅನ್ನಿಸುತ್ತದೆ. ಆದರೆ ದ್ರಾವಕ ಆವಿಯಾದ ಮೇಲೆ ಉಳಿಯುವ ತೆಳು ಎಣ್ಣೆಗೆ ಗೇರಿನ ಹಲ್ಲುಗಳ ಉಜ್ಜಾಟ ತಡೆಯುವ ಶಕ್ತಿ ಇಲ್ಲ. ಉಳಿದಿದ್ದ ಒಳ್ಳೆಯ ಗ್ರೀಸೂ ತೊಳೆದುಹೋಗಿರುತ್ತದೆ. ಮೇಲಾಗಿ ಅದು ಮೋಟಾರಿನೊಳಗೆ ಇಳಿದರೆ ಕಾರ್ಬನ್ ಪುಡಿಯೊಡನೆ ಸೇರಿ ಕಪ್ಪು ಕೆಸರಾಗುತ್ತದೆ.

ತಪ್ಪು ಕಲ್ಪನೆ 3: ಗ್ರೀಸು ಎಷ್ಟು ಹೆಚ್ಚೋ ಸದ್ದು ಅಷ್ಟು ಕಡಿಮೆ.

ಸತ್ಯ: ಹಳೆಯ ಗ್ರೀಸಿನಲ್ಲಿದ್ದ ಎಣ್ಣೆ ದಶಕಗಳಲ್ಲಿ ಆರಿ, ಅದನ್ನು ಹಿಡಿದಿಟ್ಟಿದ್ದ ಸಾಬೂನಿನಂಥ ಭಾಗ ಮಾತ್ರ ಕಂದು ಮೇಣವಾಗಿ ಹಲ್ಲುಗಳ ಬುಡದಲ್ಲಿ ಕೂತಿರುತ್ತದೆ. ಅದರ ಮೇಲೆ ಹೊಸ ಗ್ರೀಸು ಮೆತ್ತಿದರೆ ಅದು ಹಲ್ಲಿನ ಮೈಯನ್ನು ಮುಟ್ಟುವುದೇ ಇಲ್ಲ. ಮೊದಲು ಹಳೆಯದನ್ನು ಬಿದಿರುಕಡ್ಡಿ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ. ಆಮೇಲೆ ಹಲ್ಲುಗಳ ಮೈಗೆ ತೆಳುವಾಗಿ ಒಂದೇ ಪದರ ಸಾಕು. ಅದಕ್ಕಿಂತ ಹೆಚ್ಚಾದದ್ದು ಸಿಡಿದು ಬಲ್ಬಿನ ಮೇಲೋ ಸ್ಲಿಪ್ ರಿಂಗ್ ಮೇಲೋ ಬೀಳುತ್ತದೆ. ಸ್ಲಿಪ್ ರಿಂಗ್ ಜಿಡ್ಡಾದರೆ ದೀಪ ಮಿಣುಕುತ್ತದೆ.

ತಪ್ಪು ಕಲ್ಪನೆ 4: ತೊಳೆಯಲು ಯಾವ ದ್ರಾವಕವಾದರೂ ಸರಿ, ಹಚ್ಚಲು ಯಾವ ಗ್ರೀಸಾದರೂ ಸರಿ.

ಸತ್ಯ: ಗೇರು ಯಾವುದರಿಂದ ಮಾಡಿದ್ದು ಎಂಬುದೇ ಇಲ್ಲಿ ಮುಖ್ಯ. ಲೋಹದ ಗೇರಿಗೆ ಒಳ್ಳೆಯ ಲಿಥಿಯಂ ಗ್ರೀಸು ಸಾಕು. ನೈಲಾನ್ ಅಥವಾ ಇತರ ಪ್ಲಾಸ್ಟಿಕ್ಕಿನದಾದರೆ ‘ಪ್ಲಾಸ್ಟಿಕ್‌ಗೆ ಸುರಕ್ಷಿತ’ ಎಂದು ಬರೆದಿರುವ ಸಿಂಥೆಟಿಕ್ ಗ್ರೀಸು ಬೇಕು. ಭಾರಿ ಒತ್ತಡದ ಕೆಲಸಕ್ಕೆಂದು ಗಂಧಕ ಬೆರೆಸಿದ ಕೆಲವು ಗ್ರೀಸು, ಎಣ್ಣೆಗಳು ಹಿತ್ತಾಳೆ ಮತ್ತು ಕಂಚನ್ನು ಕೊರೆಯುತ್ತವೆ. ಅಸಿಟೋನ್, ಥಿನ್ನರ್, ಬ್ರೇಕ್ ಕ್ಲೀನರ್‌ಗಳನ್ನು ಪ್ಲಾಸ್ಟಿಕ್ ಗುಮ್ಮಟದ ಹತ್ತಿರವೂ ತರಬೇಡಿ. ಅವುಗಳ ಒಂದು ಹನಿಗೆ ಗುಮ್ಮಟ ಬಿರುಕು ಬಿಡಬಹುದು. ಅರವತ್ತು ವರ್ಷದ ಹಿಂದಿನ ಗುಮ್ಮಟ ಮತ್ತೆ ಸಿಗುವುದು ಕಷ್ಟ.

ತಪ್ಪು ಕಲ್ಪನೆ 5: ಹಲ್ಲಿಗೆ ಹಲ್ಲು ಬಿಗಿಯಾಗಿ ಕೂತರೆ ಸದ್ದು ನಿಲ್ಲುತ್ತದೆ.

ಸತ್ಯ: ಹಲ್ಲುಗಳ ನಡುವೆ ಕೂದಲೆಳೆಯಷ್ಟು ಜಾಗ ಇರಲೇಬೇಕು. ತೀರಾ ಬಿಗಿಯಾದರೆ ಗೇರು ಗುಂಯ್‌ಗುಡುತ್ತದೆ, ಮೋಟಾರು ಬಿಸಿಯಾಗುತ್ತದೆ. ಸಡಿಲವಾದರೆ ಕಟಕಟ ಬಡಿದುಕೊಳ್ಳುತ್ತದೆ. ಇದನ್ನು ಹೊಂದಿಸಲು ಸುಲಭದ ದಾರಿ ಇದೆ. ಗೇರನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಅತಿ ಬಿಗಿ ಎನಿಸುವ ಜಾಗ ಗುರುತಿಸಿ. ಅಲ್ಲಿ ಎರಡು ಗೇರುಗಳ ನಡುವೆ ಸಾಮಾನ್ಯ ಬರೆಯುವ ಹಾಳೆಯ ಒಂದು ಪಟ್ಟಿ ಇಡಿ. ಅದರ ದಪ್ಪ ಸುಮಾರು 0.1 ಮಿ.ಮೀ. ಮೋಟಾರನ್ನು ಮೆಲ್ಲಗೆ ಒತ್ತಿ ಸ್ಕ್ರೂ ಬಿಗಿದು, ಗೇರು ತಿರುಗಿಸುತ್ತ ಹಾಳೆಯನ್ನು ಹೊರತೆಗೆಯಿರಿ. ಹಾಳೆಯ ಮೇಲೆ ಹಲ್ಲಿನ ಗೆರೆಗಳು ಮೂಡಿರಬೇಕು, ಹರಿದಿರಬಾರದು. ವರ್ಮ್ ಗೇರಿರುವ ಮಾದರಿಯಲ್ಲಿ ಮೋಟಾರಿನ ದಂಡ ಹಿಂದುಮುಂದು ಸರಿದಾಡುತ್ತಿದೆಯೇ ಎಂದೂ ನೋಡಿ. ಆ ಪ್ಲೇ ಹೆಚ್ಚಿದ್ದರೆ ಒಂದು ತೆಳು ವಾಷರ್ ಹಾಕಿದರೆ ಆಯಿತು.

ತಪ್ಪು ಕಲ್ಪನೆ 6: ಸದ್ದಿಗೂ ವೋಲ್ಟೇಜಿಗೂ ಸಂಬಂಧವಿಲ್ಲ.

ಸತ್ಯ: ಅಮೆರಿಕದ ಕಾರುಗಳು ಹೆಚ್ಚಾಗಿ 1950ರ ದಶಕದ ನಡುವಿನಲ್ಲಿ 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾದವು. ಅದಕ್ಕೂ ಹಿಂದಿನ 6 ವೋಲ್ಟಿನ ದೀಪವನ್ನು ಇಂದಿನ 12 ವೋಲ್ಟಿಗೆ ಜೋಡಿಸಿದರೆ ಮೋಟಾರು ಹುಚ್ಚೆದ್ದು ಓಡುತ್ತದೆ, ಗೇರು ಕಿರುಚುತ್ತದೆ, ಬಲ್ಬು ಸುಡುತ್ತದೆ. ಬಿಚ್ಚುವ ಮೊದಲೇ ತಳದ ಪಟ್ಟಿಯನ್ನೂ ಬಲ್ಬಿನ ಮೇಲಿನ ಬರಹವನ್ನೂ ಓದಿ. ಇನ್ನು ಶಕ್ತಿ ಸಾಲದ ಅಡಾಪ್ಟರ್ ಕೂಡ ತೊಂದರೆಯೇ. ತಲಾ 30 ವಾಟಿನ ಎರಡು ಬಲ್ಬುಗಳೇ 12 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತವೆ. ಅಷ್ಟು ಕೊಡದ ಅಡಾಪ್ಟರ್‌ನಲ್ಲಿ ಮೋಟಾರು ತಡವರಿಸಿ ಓಡುತ್ತದೆ, ಆ ತಡವರಿಕೆಯನ್ನು ಗೇರಿನ ದೋಷವೆಂದು ತಿಳಿಯುವವರೇ ಹೆಚ್ಚು.

ತಪ್ಪು ಕಲ್ಪನೆ 7: ಸರಿಮಾಡಿದ ದೀಪವನ್ನು ನಮ್ಮ ಹಳೆಯ ಕಾರಿಗೆ ಹಾಕಿಕೊಂಡು ಓಡಾಡಬಹುದು.

ಸತ್ಯ: ಭಾರತದ ರಸ್ತೆಯಲ್ಲಿ ಆಗದು. 2017ರ ಮೇ 1ರಿಂದ ಮಂತ್ರಿಗಳ ಗೂಟದ ಕಾರಿನ ಮೇಲಿನ ಕೆಂಪು ದೀಪವೇ ಇಳಿದಿದೆ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್‌ನಂಥ ತುರ್ತು ಸೇವೆಯ ವಾಹನಗಳಿಗೆ ಮಾತ್ರ ಇಂಥ ದೀಪದ ಅವಕಾಶ. ಮನೆಯ ಕಪಾಟಿನಲ್ಲೋ ಪ್ರದರ್ಶನದಲ್ಲೋ ಇಟ್ಟು ತಿರುಗಿಸಲು ಅಡ್ಡಿಯಿಲ್ಲ.

ಆದ್ದರಿಂದ ಓದುಗರಲ್ಲಿ ಒಂದೇ ಮನವಿ: ಕೆಲಸದ ಕ್ರಮ ತಪ್ಪಿಸಬೇಡಿ. ಮೊದಲು ವೋಲ್ಟೇಜು, ಆಮೇಲೆ ಸದ್ದಿನ ಮೂಲ, ನಂತರ ಹಳೆಯ ಗ್ರೀಸಿನ ಶುಚಿ, ಹಲ್ಲುಗಳ ಅಂತರ, ಕಟ್ಟಕಡೆಗೆ ಹೊಸ ಗ್ರೀಸು. ಇವೆಲ್ಲ ಮುಗಿದ ಮೇಲೂ ಹೊಸ ಗೇರು ಹಾಕಲೇಬೇಕಾಗಿ ಬಂದರೆ ಹಳೆಯದನ್ನು ಎಸೆಯದೆ ಚೀಟಿ ಕಟ್ಟಿ ತೆಗೆದಿಡಿ. ಮುಂದೆ ಇನ್ನೊಬ್ಬರು ಅದೇ ಅಳತೆಯ ಗೇರು ಮಾಡಿಸಬೇಕಾದಾಗ ಅದೇ ನಮೂನೆಯಾಗುತ್ತದೆ.