ಚಕ್ರ ಎಲ್ಲಿ ನೆಲ ಮುಟ್ಟಿತು?

ದುಬೈ, ಅಬುಧಾಬಿಯಿಂದ ಬಂದವರನ್ನು ಬಜ್ಪೆ ವಿಮಾನ ನಿಲ್ದಾಣದಿಂದ ಊರಿಗೆ ಕರೆತರುವ ಕಾರಿನಲ್ಲಿ ಮೂಲ್ಕಿ ದಾಟುವವರೆಗೂ ಮಾತು ವಿಮಾನದ್ದೇ. ‘ಹ್ವಾಯ್, ಎಷ್ಟ್ ಲಾಯ್ಕ್ ಇಳ್ಸಿದ್ರ್ ಕಾಣಿ, ಚಕ್ರ ಮುಟ್ಟದ್ದೇ ಗೊತ್ತಾಯ್ಲ’ ಎಂದು ಒಬ್ಬರು ಹೊಗಳಿದರೆ, ‘ಹೋದ್ ಸರ್ತಿ ಧಡ್ಡ ಅಂತ್ ಹಾಕ್ದ ಮಾರಾಯ್ರೆ, ಸೊಂಟ ಹಿಡ್ಕಂಡಿತ್’ ಎಂದು ಇನ್ನೊಬ್ಬರು ದೂರುತ್ತಾರೆ. ಕುಂಭಾಶಿಯಲ್ಲಿ ಕಾರು ನಿಲ್ಲಿಸಿ ಆನೆಗುಡ್ಡೆ ಗಣಪತಿಗೆ ಕೈಮುಗಿಯುವ ಹೊತ್ತಿಗೆ ಪೈಲಟ್‌ಗೆ ಅಂಕ ಕೊಟ್ಟು ಮುಗಿದಿರುತ್ತದೆ. ಆ ಅಂಕಪಟ್ಟಿಯಲ್ಲಿರುವುದು ಒಂದೇ ವಿಷಯ: ಕುಲುಕಿತೋ, ಇಲ್ಲವೋ.

ಪೈಲಟ್‌ಗಳ ಲೆಕ್ಕ ಬೇರೆ. ಮೆತ್ತಗೆ ಇಳಿದರೆ ಅವರಿಗೂ ಖುಷಿಯೇ. ಅಂಥದ್ದಕ್ಕೆ ‘ಗ್ರೀಸರ್’ ಎಂಬ ಅಡ್ಡಹೆಸರೂ ಅವರಲ್ಲಿದೆ. ಆದರೆ ಅದು ಅಂಕಕ್ಕೆ ಬರುವ ವಿಷಯವಲ್ಲ. ರನ್‌ವೇಯ ಅಂಚನ್ನು ದಾಟುವಾಗ ವಿಮಾನ 50 ಅಡಿ ಎತ್ತರದಲ್ಲಿತ್ತೇ? ಆ ದಿನದ ತೂಕಕ್ಕೆ ಲೆಕ್ಕ ಹಾಕಿಟ್ಟ ವೇಗದಲ್ಲೇ ಇತ್ತೇ? ಮೂಗು ನಡುಗೆರೆಯ ಮೇಲಿತ್ತೇ? ಚಕ್ರ ಟಚ್‌ಡೌನ್ ಝೋನ್‌ನ ಒಳಗೆ, ಅಂದರೆ ರನ್‌ವೇಯ ಮೊದಲ 3,000 ಅಡಿ ಅಥವಾ ಮೊದಲ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟರೊಳಗೆ ನೆಲ ಕಂಡಿತೇ? ಇಷ್ಟಕ್ಕೆಲ್ಲ ‘ಹೌದು’ ಎಂದಾದರೆ, ಮೇಲಿನ ಪೆಟ್ಟಿಗೆಯಲ್ಲಿದ್ದ ಬ್ಯಾಗು ಸ್ವಲ್ಪ ಅಲುಗಾಡಿದರೂ ಅದು ಒಳ್ಳೆಯ ಲ್ಯಾಂಡಿಂಗ್.

ಈ ಲೆಕ್ಕ ವಿಮಾನದ ಜೊತೆಗೇ ಹುಟ್ಟಿದ್ದಲ್ಲ. ಎದ್ದು ನಡೆದು ಹೋಗುವ ಹಾಗಿದ್ದರೆ ಅದು ಒಳ್ಳೆಯ ಲ್ಯಾಂಡಿಂಗ್, ವಿಮಾನವೂ ಮತ್ತೆ ಹಾರುವಂತಿದ್ದರೆ ಅದ್ಭುತ ಲ್ಯಾಂಡಿಂಗ್ ಎಂಬ ಹಳೆಯ ತಮಾಷೆ ಪೈಲಟ್‌ಗಳ ನಡುವೆ ಇಂದಿಗೂ ಓಡಾಡುತ್ತದೆ. ಅದು ಬಾಲಕ್ಕೆ ಚಕ್ರವಿದ್ದ ವಿಮಾನಗಳ ಕಾಲದ ಮಾತು. 1951ರ ಡಿಸೆಂಬರ್ 25ರಂದು ಬಜ್ಪೆ ನಿಲ್ದಾಣ ಆರಂಭವಾದಾಗ ಪ್ರಧಾನಿ ನೆಹರೂ ಬಂದಿಳಿದದ್ದು ಅಂಥದೇ ಒಂದು ಡಗ್ಲಸ್ ಡಿಸಿ-3ಯಲ್ಲಿ. ಈಗಿನ ಜೆಟ್‌ಗಳ ಅರ್ಧದಷ್ಟೇ ವೇಗದಲ್ಲಿ ಇಳಿಯುತ್ತಿದ್ದ ವಿಮಾನ ಅದು. ಅಡ್ಡಗಾಳಿಗೆ ಬಾಲ ತಿರುಗಿ ವಿಮಾನ ನೆಲದ ಮೇಲೆ ಗಿರಕಿ ಹೊಡೆಯದಂತೆ ನೋಡಿಕೊಳ್ಳುವುದೇ ಅಂದಿನ ಪೈಲಟ್‌ನ ಜಾಣ್ಮೆ. ಅಂದಾಜು ಸ್ವಲ್ಪ ತಪ್ಪಿದರೂ ಇಂಜಿನ್ನಿಗೆ ತುಸು ಜೋರು ಕೊಟ್ಟು, ಎತ್ತಿ, ಮತ್ತೆ ಇಳಿಸಿ ಸರಿಪಡಿಸಿಕೊಳ್ಳಬಹುದಿತ್ತು. ಪ್ರೊಪೆಲ್ಲರ್ ಇಂಜಿನ್ನು ಕೂಡಲೇ ಮಾತು ಕೇಳುತ್ತಿತ್ತು.

ಜೆಟ್ ಬಂದ ಮೇಲೆ ಆ ಸಲಿಗೆ ಹೋಯಿತು. ಆ ಕಾಲದ ಜೆಟ್ ಇಂಜಿನ್ನು ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರಲು ಆರೆಂಟು ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1965ರ ನವೆಂಬರಿನಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಒಂದು ಬೋಯಿಂಗ್ 727 ನಿಮಿಷಕ್ಕೆ 2,000 ಅಡಿಗೂ ಮಿಕ್ಕಿ ಕೆಳಗಿಳಿಯುತ್ತ ರನ್‌ವೇ ಸಿಗುವ ಮೊದಲೇ ನೆಲಕ್ಕೆ ಅಪ್ಪಳಿಸಿತು. ಮಾಮೂಲಿ ಇಳಿಯುವ ದರ ನಿಮಿಷಕ್ಕೆ 700 ಅಡಿ ಆಸುಪಾಸು. ಇದ್ದ 91 ಜನರಲ್ಲಿ 43 ಮಂದಿ ಹೋದರು. ಕಾಲು ಶತಮಾನದ ಬಳಿಕ ಅದೇ ಕಥೆ ನಮ್ಮ ಬೆಂಗಳೂರಿನಲ್ಲೂ ನಡೆಯಿತು. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಹೊಸ ಏರ್‌ಬಸ್ 320 ಎಚ್‌ಎಎಲ್ ನಿಲ್ದಾಣಕ್ಕೆ ಬರುವಾಗ ಇಂಜಿನ್ನುಗಳು ಐಡಲ್‌ನಲ್ಲೇ ಉಳಿದುಬಿಟ್ಟಿದ್ದವು. ಪೈಲಟ್‌ಗಳಿಗೆ ಅರಿವಾಗುವಷ್ಟರಲ್ಲಿ ಶಕ್ತಿ ಏರಲು ಬೇಕಾದ ಸೆಕೆಂಡುಗಳು ಉಳಿದಿರಲಿಲ್ಲ. ವಿಮಾನ ರನ್‌ವೇಯ ಈಚೆ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ಸತ್ತರು.

ಇಂಥ ಸಾವುಗಳಿಂದಲೇ ‘ಸ್ಟೆಬಿಲೈಸ್ಡ್ ಅಪ್ರೋಚ್’ ಎಂಬ ಕಟ್ಟಳೆ ರೂಪುಗೊಂಡಿತು. 1990ರ ದಶಕದ ಕೊನೆಗೆ ಫ್ಲೈಟ್ ಸೇಫ್ಟಿ ಫೌಂಡೇಶನ್ ಅದಕ್ಕೆ ಅಂಕಿಗಳನ್ನು ಕೂರಿಸಿ ಜಗತ್ತಿಗೆಲ್ಲ ಹಂಚಿತು. ಮೋಡವಿದ್ದರೆ ನೆಲದಿಂದ 1,000 ಅಡಿ, ಬಾನು ತಿಳಿಯಾಗಿದ್ದರೆ 500 ಅಡಿ ಎತ್ತರದಲ್ಲಿ ಒಂದು ಗೆರೆ. ಆ ಗೆರೆ ಮುಟ್ಟುವಾಗ ವೇಗ, ಇಳಿಜಾರು, ಚಕ್ರ, ಫ್ಲಾಪ್, ಇಂಜಿನ್ನಿನ ಶಕ್ತಿ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿರಬೇಕು. ಒಂದು ತಪ್ಪಿದರೂ ಇಳಿಸುವ ಹಾಗಿಲ್ಲ, ಎತ್ತಿಕೊಂಡು ಹೋಗಬೇಕು, ಅಂದರೆ ‘ಗೋ ಅರೌಂಡ್’ ಮಾಡಬೇಕು. ಅಲ್ಲಿಗೆ ಲ್ಯಾಂಡಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಮಾನ ರನ್‌ವೇಯಿಂದ ಆಕಾಶಕ್ಕೆ ಜಾರಿತು. ಪ್ರಯಾಣಿಕ ಸೀಟು ನೆಟ್ಟಗೆ ಮಾಡಿಕೊಂಡು ಕಿಟಕಿಯಲ್ಲಿ ಫಲ್ಗುಣಿ ನದಿಯನ್ನು ಹುಡುಕುವಾಗ ಪರೀಕ್ಷೆ ಹೆಚ್ಚುಕಡಿಮೆ ಮುಗಿದಿರುತ್ತದೆ.

ಬಜ್ಪೆಗೆ ಈ ಪಾಠದ ಮುನ್ಸೂಚನೆ 1981ರಲ್ಲೇ ಸಿಕ್ಕಿತ್ತು. ಆ ವರ್ಷದ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಸುಮಾರು 1,600 ಮೀಟರಿನ ಹಳೆಯ ರನ್‌ವೇಯನ್ನು ಮೀರಿ ಹೋಗಿ, ಅಂಚಿನಾಚೆಗಷ್ಟೇ ನಿಂತಿತು. ಯಾರೂ ಸಾಯಲಿಲ್ಲ. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯಿಲಿ ಅದರಲ್ಲಿದ್ದರು. ಎದ್ದು ನಡೆದು ಹೋದರು, ಹಳೆಯ ತಮಾಷೆಯ ಪ್ರಕಾರ ಒಳ್ಳೆಯ ಲ್ಯಾಂಡಿಂಗ್! 2006ರ ಮೇ ತಿಂಗಳಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಗುಡ್ಡದ ನೆತ್ತಿಯನ್ನು ಸಪಾಟು ಮಾಡಿ ಹಾಸಿದ ಟೇಬಲ್‌ಟಾಪ್ ಅದು. ಮುಗಿದಲ್ಲಿಗೆ ಮುಗಿಯಿತು, ಆಚೆ ಕಣಿವೆ.

2010ರ ಮೇ 22ರ ಬೆಳಿಗ್ಗೆ ರನ್‌ವೇ ಮೀರಿ ಆ ಕಣಿವೆಗೆ ಬಿದ್ದ ದುಬೈ ವಿಮಾನದ ಬಗ್ಗೆ ಈ ಕರಾವಳಿಯವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಗಲ್ಫ್ ನಂಟಿರುವ ಊರುಗಳಲ್ಲಿ ಆ ದಿನ ಟಿವಿ ಮುಂದೆ ಕೂರದ ಮನೆಯಿರಲಿಲ್ಲ. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಆಮೇಲೆ ‘ಪೈಲಟ್ ನಿದ್ದೆ ಮಾಡಿದ್ದ’ ಎಂಬ ಒಂದೇ ಸಾಲು ಎಲ್ಲ ಕಡೆ ಹಬ್ಬಿತು. ಅದು ಸುಳ್ಳಲ್ಲ: ಕಾಕ್‌ಪಿಟ್‌ನ ಎರಡು ತಾಸು ಚಿಲ್ಲರೆಯ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಆದರೆ ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ವಿಚಾರಣೆಯ ವರದಿ ನೇರ ಕಾರಣವೆಂದು ಬೆರಳಿಟ್ಟದ್ದು ಇನ್ನೊಂದು ಕಡೆ, ಕೆಟ್ಟುಹೋಗಿದ್ದ ಅಪ್ರೋಚನ್ನು ಕೈಬಿಡದೆ ಮುಂದುವರಿಸಿದ್ದರ ಮೇಲೆ. ನಿದ್ದೆಯ ಮಂಪರು ಅದಕ್ಕೆ ನೆರವಾದ ಸಂಗತಿ.

ವರದಿಯ ಅಂಕಿಗಳನ್ನು ಮೇಲಿನ ಅಂಕಪಟ್ಟಿಯ ಪಕ್ಕ ಇಟ್ಟು ನೋಡಿ. ಬರುವಾಗಲೇ ವಿಮಾನ ಇರಬೇಕಾದ ಎತ್ತರದ ಸುಮಾರು ಎರಡರಷ್ಟು ಮೇಲಿತ್ತು. ರನ್‌ವೇಯ ಅಂಚನ್ನು 50 ಅಡಿಯಲ್ಲಿ ದಾಟುವ ಬದಲು 200 ಅಡಿಯಲ್ಲಿ ದಾಟಿತು, 144 ನಾಟ್ ಇರಬೇಕಾದ ವೇಗ 160 ಮೀರಿತ್ತು. ಚಕ್ರ ಪೂರ್ತಿ ನೆಲಕ್ಕೆ ಕೂತದ್ದು ಅಂಚಿನಿಂದ ಸುಮಾರು 5,200 ಅಡಿ ಒಳಗೆ. ಮುಂದೆ ಉಳಿದಿದ್ದ ರನ್‌ವೇ 2,800 ಅಡಿ. ಈ ನಡುವೆ ಕೋ-ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು, ನೆಲದ ಅಪಾಯ ಎಚ್ಚರಿಸುವ ಯಂತ್ರವೂ ಮತ್ತೆ ಮತ್ತೆ ಕೂಗಿತು. ಹೇಳಿದರೇ ಹೊರತು ಕೋ-ಪೈಲಟ್ ತಾವೇ ಹಿಡಿತ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರದ ಬಗ್ಗೆ ನಿಯಮಗಳಲ್ಲಿದ್ದ ಅಸ್ಪಷ್ಟತೆಯನ್ನು ವರದಿಯೇ ಗುರುತಿಸಿತು. ಚಕ್ರ ಮುಟ್ಟಿದ ಗಳಿಗೆಯಲ್ಲೇ ಪೂರ್ತಿ ಬ್ರೇಕು, ಪೂರ್ತಿ ರಿವರ್ಸ್ ಹಾಕಿದ್ದರೆ 7,600 ಅಡಿಯ ಒಳಗೆ ನಿಲ್ಲುತ್ತಿತ್ತು ಎಂಬ ಲೆಕ್ಕವೂ ಬಂತು. ನಡೆದದ್ದು ತಿರುಗುಮುರುಗು: ರಿವರ್ಸ್ ಹಾಕಿದ ಮೇಲೆ ಮತ್ತೆ ಏರಲು ಹೊರಟರು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ 5,200 ಅಡಿ ದೂರ. ಜೋರಾಗಿ ಇಳಿದರೆ ಒಳಗಿದ್ದ ಎಲ್ಲರಿಗೂ ಗೊತ್ತಾಗುತ್ತದೆ. ವಿಮಾನದ ರೆಕಾರ್ಡರ್ ಜಿ-ಬಲದ ಅಂಕಿ ಬರೆದಿಡುತ್ತದೆ, ಮಿತಿ ದಾಟಿದರೆ ಇಂಜಿನಿಯರುಗಳು ಚಕ್ರದ ಕಂಬ ಪರೀಕ್ಷಿಸುತ್ತಾರೆ, ಪೈಲಟ್ ವಿವರಣೆ ಕೊಡಬೇಕಾಗುತ್ತದೆ. ತೇಲಿಸಿ ತೇಲಿಸಿ ಹೂವಿನಂತೆ ಇಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಚಪ್ಪಾಳೆ ಬೀಳುತ್ತದೆ. 140 ನಾಟ್ ವೇಗದಲ್ಲಿ ಒಂದು ಸೆಕೆಂಡಿಗೆ 72 ಮೀಟರು ರನ್‌ವೇ ಖರ್ಚಾಗುತ್ತದೆ. ಆ ‘ಗೊತ್ತಾಯ್ಲ’ ಎಂಬ ಸುಖಕ್ಕಾಗಿ ನಾಲ್ಕು ಸೆಕೆಂಡು ಹೆಚ್ಚು ತೇಲಿದರೆ ಬಜ್ಪೆಯಲ್ಲಿ ಸುಮಾರು ಒಂಬತ್ತನೇ ಒಂದು ಭಾಗ ರನ್‌ವೇ ಹಿಂದೆ ಬಿದ್ದಿರುತ್ತದೆ. ದುರಂತದ ಬಳಿಕ ಪೈಲಟ್‌ಗಳ ವಲಯದಲ್ಲಿ ಈ ಚರ್ಚೆ ಜೋರಾಗಿಯೇ ನಡೆಯಿತು: ಹಾರ್ಡ್ ಲ್ಯಾಂಡಿಂಗ್‌ಗೆ ಇಷ್ಟೊಂದು ಕಣ್ಣಿಟ್ಟರೆ ಲಾಂಗ್ ಲ್ಯಾಂಡಿಂಗ್‌ಗೆ ನಾವೇ ದಾರಿ ಮಾಡಿಕೊಟ್ಟಂತೆ ಅಲ್ಲವೇ? ಕುಲುಕಿದ್ದಕ್ಕೆ ಮುಖ ಸಿಂಡರಿಸುವ ಪ್ರಯಾಣಿಕರಾದ ನಮ್ಮ ಪಾಲೂ ಇದರಲ್ಲಿದೆ ಎಂದೇ ನನ್ನ ಎಣಿಕೆ.

ಅದರಲ್ಲೂ ಮಳೆಗಾಲದಲ್ಲಿ ಮೆತ್ತಗೆ ಇಳಿಸಲು ಹೋಗುವುದು ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ರನ್‌ವೇ ಮೇಲೆ ನೀರು ನಿಂತಿರುವಾಗ ಚಕ್ರ ಹಗುರವಾಗಿ ಸವರಿದರೆ ರಬ್ಬರು ಡಾಂಬರನ್ನು ಮುಟ್ಟುವುದೇ ಇಲ್ಲ. ಪಾಚಿ ಕಟ್ಟಿದ ಅಂಗಳದಲ್ಲಿ ಚಪ್ಪಲಿ ಹೋದಂತೆ ನೀರಿನ ಪದರದ ಮೇಲೆ ಹೋಗುತ್ತದೆ. ಚಕ್ರ ತಿರುಗಬೇಕು, ವಿಮಾನದ ಭಾರ ಅದರ ಮೇಲೆ ಬೀಳಬೇಕು. ಆಮೇಲಷ್ಟೇ ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಎದ್ದು ನಿಂತು, ರೆಕ್ಕೆಯ ಎತ್ತುವ ಬಲವನ್ನು ಕೊಂದು, ಬ್ರೇಕಿಗೆ ಹಿಡಿತ ಕೊಡುತ್ತವೆ. ರೆಕ್ಕೆಯ ಪಕ್ಕ ಸೀಟು ಸಿಕ್ಕಿದವರು ಇದನ್ನು ಕಣ್ಣಾರೆ ನೋಡಬಹುದು: ಚಕ್ರ ತಾಗಿದ ಸದ್ದಿನ ಬೆನ್ನಿಗೇ ಆ ಹಲಗೆಗಳು ಪಟಪಟನೆ ಏಳುತ್ತವೆ. ಮಳೆಗಾಲದ ಗಟ್ಟಿ ಗುದ್ದು ಪೈಲಟ್ ಬೇಕೆಂದೇ ಕೊಟ್ಟದ್ದು. ಪ್ರಯಾಣಿಕ ವಿಮಾನದ ಚಕ್ರದ ಕಂಬಗಳನ್ನು ನಿಮಿಷಕ್ಕೆ 600 ಅಡಿ ದರದಲ್ಲಿ ಇಳಿದರೂ ತಡೆಯುವಂತೆ ಕಟ್ಟಿರುತ್ತಾರೆ. ನಮ್ಮನ್ನು ಬೆಚ್ಚಿಬೀಳಿಸುವ ‘ಧಡ್ಡ’ ಹೆಚ್ಚಿನ ಸಲ ಅದರ ಅರ್ಧವೂ ಇರುವುದಿಲ್ಲ.

ಬಜ್ಪೆಯ ಪಾಠವನ್ನು ಎಲ್ಲರೂ ಕಲಿತರು ಎನ್ನುವ ಹಾಗಿಲ್ಲ. 2020ರ ಆಗಸ್ಟ್ 7ರ ರಾತ್ರಿ, ಜಡಿಮಳೆಯಲ್ಲಿ, ಹಿಂಗಾಳಿಯಲ್ಲಿ, ಕೋಳಿಕ್ಕೋಡಿನ ಟೇಬಲ್‌ಟಾಪ್ ಮೇಲೆ ಇನ್ನೊಂದು ದುಬೈ ವಿಮಾನ ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿ ಕೆಳಗುರುಳಿತು. ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ತೀರಿಕೊಂಡರು. ಗೆರೆ ಎಲ್ಲಿದೆ ಎಂಬುದು ಗೊತ್ತಿಲ್ಲದೆ ಹೀಗಾಗುವುದಲ್ಲ. ಫ್ಲೈಟ್ ಸೇಫ್ಟಿ ಫೌಂಡೇಶನ್‌ನ 2017ರ ಅಧ್ಯಯನದ ಪ್ರಕಾರ, ಹದ ತಪ್ಪಿದ ಅಪ್ರೋಚ್‌ಗಳಲ್ಲಿ ಗೋ ಅರೌಂಡ್ ಆಗುವುದು ನೂರಕ್ಕೆ ಮೂರೇ. ಉಳಿದ ತೊಂಬತ್ತೇಳರಲ್ಲಿ ಪೈಲಟ್ ಇಳಿಸಿಯೇ ಬಿಡುತ್ತಾರೆ, ಬಹುಪಾಲು ಸಲ ಏನೂ ಆಗುವುದಿಲ್ಲ. ಏನೂ ಆಗದೆ ಹೋದದ್ದೇ ಮುಂದಿನ ಸಲಕ್ಕೆ ಧೈರ್ಯ ಕೊಡುತ್ತದೆ. ಅದಕ್ಕೇ ಈಗ ಬಹುತೇಕ ಸಂಸ್ಥೆಗಳಲ್ಲಿ ಗೋ ಅರೌಂಡ್ ಮಾಡಿದ ಪೈಲಟ್‌ನನ್ನು ದಂಡಿಸುವಂತಿಲ್ಲ ಎಂಬ ನಿಯಮವಿದೆ. ಇಬ್ಬರಲ್ಲಿ ಯಾರು ಆ ಎರಡು ಪದ ಹೇಳಿದರೂ ವಾದಕ್ಕೆ ನಿಲ್ಲದೆ ಏರಬೇಕೆಂದು ಸಿಮ್ಯುಲೇಟರಿನಲ್ಲಿ ತಾಲೀಮು ಕೊಡುತ್ತಾರೆ. ಬಜ್ಪೆಗೆ ಬಂದ ವಿಮಾನ ಮೋಡದೊಳಗಿಂದ ಮೂಗು ತೋರಿಸಿ ಮತ್ತೆ ಗರ್ಜಿಸಿ ಏರಿ ಬೆಂಗಳೂರಿಗೋ ಕೊಚ್ಚಿಗೋ ಹೋದಾಗ ಕಾಯುತ್ತಿದ್ದವರು ಗೊಣಗುವುದುಂಟು. ಪೈಲಟ್‌ಗಳ ಪಟ್ಟಿಯಲ್ಲಿ ಅದು ಪಾಸಾದ ದಿನ.

ಮತ್ತೆ ಏರಲು ಸದಾ ತಯಾರಿರಬೇಕೆಂಬ ಈ ಮಾತು ಪೂರ್ತಿ ಅರ್ಥವಾಗಬೇಕಿದ್ದರೆ ಇದೇ ಕರಾವಳಿಯಲ್ಲಿ ಬಡಗು ದಿಕ್ಕಿಗೆ, ಕಾರವಾರದ ಕದಂಬ ನೌಕಾನೆಲೆಯತ್ತ ನೋಡಬೇಕು. ಅಲ್ಲಿ ಬೀಡುಬಿಡುವ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ಇಡೀ ಉದ್ದವೇ 284 ಮೀಟರ್. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾ ಮಾದರಿಯನ್ನು 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅದರ ಮೇಲೆ ಮೊದಲ ಸಲ ಇಳಿಸಿದರು. ಡೆಕ್ ಮೇಲೆ ಇಳಿಯುವವರಿಗೆ ಕೊನೆಗಳಿಗೆಯಲ್ಲಿ ಮೂಗೆತ್ತಿ ಮೆತ್ತಗಾಗಿಸುವ ಮಾತೇ ಇಲ್ಲ. ಬಂದ ಇಳಿಜಾರಿನಲ್ಲೇ ಬಂದು ಬಡಿಯಬೇಕು, ಬಾಲದ ಕೊಕ್ಕೆ ಅಡ್ಡ ಕಟ್ಟಿದ ಮೂರು ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ಚಕ್ರ ತಾಗಿದ ಕ್ಷಣ ಪೈಲಟ್ ಥ್ರಾಟಲನ್ನು ಮುಂದಕ್ಕೆ ತಳ್ಳುತ್ತಾರೆ. ಹಗ್ಗ ತಪ್ಪಿದರೆ ಡೆಕ್ ಮುಗಿಯುವ ಮೊದಲೇ ಮತ್ತೆ ಹಾರಲು ಇಂಜಿನ್ನು ತಯಾರಿರಬೇಕಲ್ಲ. ಆ ದಿನ ಹಗ್ಗ ಸಿಕ್ಕಿತು. ನೂರು ಮೀಟರಿನೊಳಗೆ ತೇಜಸ್ ನಿಂತಿತು, ಆಮೇಲೆ ಥ್ರಾಟಲ್ ಹಿಂದಕ್ಕೆ ಬಂತು.