ಬಿಲ್ಲಿಲ್ಲದ ಮಾತ್ರೆ, ಕೋಟಿಗಳ ಮೊಕದ್ದಮೆ

ಕೋಲಾರ ತಾಲ್ಲೂಕಿನ ವೇಮಗಲ್‌ನಲ್ಲಿ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಕಂಪನಿ ಸುಮಾರು ಸಾವಿರ ಕೋಟಿ ರೂಪಾಯಿ ಸುರಿದು ಔಷಧ ಕಾರ್ಖಾನೆ ಕಟ್ಟಿತು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗಬೇಕಿದ್ದುದು ಜಿನೆಟ್ಯಾಕ್. ಒಳಗಿನ ಮದ್ದಿನ ಹೆಸರು ರಾನಿಟಿಡಿನ್. ಜನರ ಬಾಯಲ್ಲಿ ಬರೀ ‘ಗ್ಯಾಸ್ ಮಾತ್ರೆ’. 2019ರಲ್ಲಿ ಆ ಮಾತ್ರೆಯನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಗಿ ಬಂತು. ಮುಂದಿನ ಫೆಬ್ರುವರಿಯಲ್ಲಿ ಕಂಪನಿ ವೇಮಗಲ್ ಲೆಕ್ಕಕ್ಕೆ 640 ಕೋಟಿ ರೂಪಾಯಿ ನಷ್ಟ ಬರೆದುಕೊಂಡಿತು. ಕೊನೆಗೆ ಕಾರ್ಖಾನೆಯನ್ನು ಹೈದರಾಬಾದಿನ ಹೆಟೆರೊ ಲ್ಯಾಬ್ಸ್‌ಗೆ 180 ಕೋಟಿಗೆ ಮಾರಿ ಕೈ ತೊಳೆದುಕೊಂಡಿತು.

ಕಂಪನಿಯ ನಷ್ಟ ಹೀಗೆ ಪೈಸೆ ಪೈಸೆ ಲೆಕ್ಕಕ್ಕೆ ಸಿಕ್ಕಿತು. ಮಾತ್ರೆ ನುಂಗಿದವರ ಲೆಕ್ಕ ಯಾರ ಬಳಿ ಇದೆ?

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಹೋಬಳಿ ಊರಿನಿಂದ ನೋಡಿದರೆ ಈ ಪ್ರಶ್ನೆ ಚುರುಕಾಗುತ್ತದೆ. ಸೌಳು ಮಣ್ಣಿನಿಂದ ಗಾಜು ಕಾಯಿಸಿ ಬಳೆ ಮಾಡುತ್ತಿದ್ದ ಊರಿದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಪ್ರವಾಸಿ ಬುಕಾನನ್ ಇಲ್ಲಿನ ಗಾಜಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಈಗ ತೆಂಗು, ಅಡಿಕೆ, ರಾಗಿಯ ಸೀಮೆ. ಮಿರ್ಚಿ ಮಂಡಕ್ಕಿ ತಿಂದು ಹುಳಿತೇಗು ಬಂದರೂ, ಮದುವೆ ಊಟ ಹೆಚ್ಚಾಗಿ ಎದೆ ಉರಿದರೂ ಈ ಕಡೆ ನಡೆಯುವ ವ್ಯವಹಾರ ಒಂದೇ. ‘ಗ್ಯಾಸ್ಟ್ರಿಕ್ಕಿಗೆ ಎಲ್ಡು ಮಾತ್ರೆ ಕೊಡಣ್ಣ’ ಎಂದರೆ ಮೆಡಿಕಲ್ ಶಾಪಿನವರು ಶೀಟಿನಿಂದ ಎರಡನ್ನು ಕತ್ತರಿಸಿ ಕಾಗದದ ಪೊಟ್ಟಣಕ್ಕೆ ಹಾಕುತ್ತಾರೆ. ಡಾಕ್ಟರ ಚೀಟಿ ಕೇಳುವುದಿಲ್ಲ, ಬಿಲ್ ಕೊಡುವುದಿಲ್ಲ. ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಉಳಿದ ಶೀಟಿನ ಜೊತೆ ಅಂಗಡಿಯಲ್ಲೇ ಉಳಿಯುತ್ತವೆ. ಇದು ಮತ್ತೋಡಿನ ಮೇಲಿನ ದೂರಲ್ಲ. ಬೆಂಗಳೂರಿನ ಗಲ್ಲಿಗಳಲ್ಲೂ ಇದೇ ಪದ್ಧತಿ.

ರಾನಿಟಿಡಿನ್ ಸಾಮಾನ್ಯ ಮದ್ದಾಗಿರಲಿಲ್ಲ. 1981ರಲ್ಲಿ ‘ಜ್ಯಾಂಟ್ಯಾಕ್’ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಿಕರಿಯಾಗುವ ಔಷಧವಾಯಿತು. ಗ್ಲ್ಯಾಕ್ಸೊ ಎಂಬ ಕಂಪನಿ ದೊಡ್ಡದಾಗಿದ್ದೇ ಅದರ ಬೆನ್ನೇರಿ. 2019ರ ಸೆಪ್ಟೆಂಬರ್‌ನಲ್ಲಿ ವ್ಯಾಲಿಶೂರ್ ಎಂಬ ಅಮೆರಿಕದ ಆನ್‌ಲೈನ್ ಔಷಧಾಲಯ ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಗೆ ಅರ್ಜಿ ಹಾಕಿತು: ಈ ಮಾತ್ರೆಯಲ್ಲಿ ಎನ್‌ಡಿಎಂಎ ಇದೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಗಡ್ಡೆ ಬರಿಸುವ, ಮನುಷ್ಯರಲ್ಲೂ ಕ್ಯಾನ್ಸರ್ ತರಬಹುದೆಂದು ಪಟ್ಟಿಯಾಗಿರುವ ರಾಸಾಯನಿಕ ಅದು. ದಿನಕ್ಕೆ 96 ನ್ಯಾನೊಗ್ರಾಂ ದಾಟಬಾರದೆಂದು ಎಫ್‌ಡಿಎ ಮಿತಿ.

ಇಲ್ಲೊಂದು ಸೂಕ್ಷ್ಮವಿದೆ. ಎನ್‌ಡಿಎಂಎ ಕಾರ್ಖಾನೆಯ ಕೊಳಕಿನಿಂದ ಬೆರೆತದ್ದಷ್ಟೇ ಆಗಿದ್ದರೆ ತೊಳೆದು ಸರಿಪಡಿಸಬಹುದಿತ್ತು. ರಾನಿಟಿಡಿನ್ ಅಣುವೇ ಕಾಲ ಕಳೆದಂತೆ ಒಡೆದು ಅದನ್ನು ಹುಟ್ಟಿಸುತ್ತದೆ, ಶಾಖ ಹೆಚ್ಚಿದಷ್ಟೂ ಬೇಗ. ಈ ಕಾರಣಕ್ಕೇ 2020ರ ಏಪ್ರಿಲ್ 1ರಂದು ಎಫ್‌ಡಿಎ ಅದನ್ನು ಅಮೆರಿಕದ ಅಂಗಡಿಗಳಿಂದ ಪೂರ್ತಿ ತೆಗೆಸಿತು. ಚಿತ್ರದುರ್ಗದ ಏಪ್ರಿಲ್ ಬಿಸಿಲು ನಲವತ್ತರ ಹತ್ತಿರ ಹೋದಾಗ ಶೀಟಿನ ಛಾವಣಿಯ ಅಂಗಡಿಯೊಳಗೆ ತಿಂಗಳುಗಟ್ಟಲೆ ಕೂತ ಮಾತ್ರೆಯ ಗತಿಯೇನು ಎಂದು ಕೇಳಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ.

ಅಮೆರಿಕದಲ್ಲಿ ಮೊಕದ್ದಮೆಗಳ ಮಳೆ ಸುರಿಯಿತು. ಫೆಡರಲ್ ಕೋರ್ಟಿನ ಪ್ರಕರಣಗಳೆಲ್ಲ ಫ್ಲಾರಿಡಾದ ನ್ಯಾಯಾಧೀಶೆ ರಾಬಿನ್ ರೋಸೆನ್‌ಬರ್ಗ್ ಅವರ ಮುಂದೆ ಬಂದವು. 2022ರ ಡಿಸೆಂಬರ್‌ನಲ್ಲಿ ಅವರು 341 ಪುಟಗಳ ತೀರ್ಪು ಬರೆದು, ಮಾತ್ರೆಯಿಂದಲೇ ಕ್ಯಾನ್ಸರ್ ಬಂತೆಂಬ ತಜ್ಞರ ವಾದ ವಿಜ್ಞಾನದ ಕಟ್ಟುನಿಟ್ಟಿಗೆ ನಿಲ್ಲದು ಎಂದು ತಳ್ಳಿಹಾಕಿದರು. ವ್ಯಾಲಿಶೂರ್ ಮೊದಲ ಪರೀಕ್ಷೆಯಲ್ಲಿ ಮಾತ್ರೆಯನ್ನು 130 ಡಿಗ್ರಿಗೆ ಕಾಯಿಸಿತ್ತು. ಆ ಕಾವೇ ಎನ್‌ಡಿಎಂಎ ಹುಟ್ಟಿಸಿತೆಂಬ ಆಕ್ಷೇಪ ಎಫ್‌ಡಿಎಯಿಂದಲೇ ಬಂದಿತ್ತು. 2024ರ ಮೇ ತಿಂಗಳಲ್ಲಿ ಷಿಕಾಗೊದ ಜ್ಯೂರಿಯೂ ಕಂಪನಿಗಳ ಪರವಾಗಿ ನಿಂತಿತು.

ಹಾಗಾದರೆ ಕಂಪನಿ ಗೆದ್ದಿತೇ? ಅಷ್ಟು ಸಲೀಸಲ್ಲ. ರಾನಿಟಿಡಿನ್‌ಗೆ ನೈಟ್ರೈಟ್ ಬೆರೆಸಿದರೆ ಎನ್‌ಡಿಎಂಎ ಹುಟ್ಟುತ್ತದೆಂದು ಗ್ಲ್ಯಾಕ್ಸೊದ ವಿಜ್ಞಾನಿಯೊಬ್ಬರು 1982ರಲ್ಲೇ ವರದಿ ಬರೆದಿದ್ದರು, ಅದು ಎಫ್‌ಡಿಎ ಕೈಗೆ ಹೋಗಲಿಲ್ಲ ಎಂದು ಬ್ಲೂಮ್‌ಬರ್ಗ್ 2023ರಲ್ಲಿ ಬಯಲಿಗೆಳೆಯಿತು. ಪ್ರಯೋಗದಲ್ಲಿ ಬಳಸಿದ ನೈಟ್ರೈಟ್ ಮನುಷ್ಯನ ಹೊಟ್ಟೆಯಲ್ಲಿ ಇರುವಂಥದ್ದಲ್ಲ ಎಂಬುದು ಕಂಪನಿಯ ಸಮಜಾಯಿಷಿ. 2024ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ ತಪ್ಪೊಪ್ಪಿಕೊಳ್ಳದೆ, ಸುಮಾರು 80,000 ಪ್ರಕರಣಗಳ ರಾಜಿಗೆ 220 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ವಿಜ್ಞಾನ ಕಂಪನಿಯ ಕಡೆ ಇದ್ದರೂ ಕೋರ್ಟಿನ ಖರ್ಚು, ಷೇರುಪೇಟೆಯ ಭಯ ಅರ್ಜಿದಾರರ ಕಡೆ ಇದ್ದವು. ಮುಂದಿನ ವರ್ಷ ಜುಲೈನಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ ಅರ್ಜಿದಾರರ ತಜ್ಞರಿಗೆ ಅವಕಾಶ ಕೊಟ್ಟಿದ್ದ ಕೆಳಗಿನ ಕೋರ್ಟಿನ ಆದೇಶವನ್ನು ರದ್ದು ಮಾಡಿತು. ಅಷ್ಟರಲ್ಲಿ ರಾಜಿ ಆಗಿಹೋಗಿತ್ತು.

ಇನ್ನೊಂದು ಬಗೆಯ ಗ್ಯಾಸ್ ಮಾತ್ರೆಯ ಕಥೆ ಬೇರೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನದು; ‘ಪ್ಯಾನ್ ಫಾರ್ಟಿ’ ಎಂದರೆ ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡ ಹಾಳಾಗುತ್ತದೆಂದು ದೂರಿದ ಸುಮಾರು 11,000 ಪ್ರಕರಣಗಳನ್ನು ಆಸ್ಟ್ರಾಜೆನೆಕಾ 2023ರಲ್ಲಿ 42.5 ಕೋಟಿ ಡಾಲರ್‌ಗೆ ಮುಗಿಸಿಕೊಂಡಿತು, ಹೊಣೆ ಒಪ್ಪದೆಯೇ. ಭಾರತದ ಔಷಧ ಮಹಾನಿಯಂತ್ರಕರು 2020ರಲ್ಲಿ ಈ ಗುಂಪಿನ ಮಾತ್ರೆಗಳ ಮಾಹಿತಿ ಚೀಟಿಯಲ್ಲಿ ಮೂತ್ರಪಿಂಡದ ತೀವ್ರ ಹಾನಿಯ ಎಚ್ಚರಿಕೆ ಸೇರಿಸಲು ಹೇಳಿದ್ದರು. ಎಚ್ಚರಿಕೆ ಚೀಟಿಯಲ್ಲಿದೆ, ಕತ್ತರಿಸಿ ಕೊಟ್ಟ ಎರಡು ಮಾತ್ರೆಯ ಜೊತೆ ಚೀಟಿ ಬರುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿರುವುದು, ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನು ಹೊಣೆ ಮಾಡುವ ಅಧ್ಯಾಯವನ್ನೇ ಸೇರಿಸಿತು. ತಯಾರಿಕೆಯ ದೋಷ, ವಿನ್ಯಾಸದ ದೋಷದ ಜೊತೆಗೆ ಸರಿಯಾದ ಎಚ್ಚರಿಕೆ ಕೊಡದಿರುವುದೂ ತಪ್ಪೇ. ಮತ್ತೋಡಿನವರು ಕಂಪನಿಯ ಊರು ಹುಡುಕಿ ಮುಂಬೈಗೆ ಓಡಬೇಕಿಲ್ಲ. ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಆದರೆ ಅದೇ ಕಾಯ್ದೆಯ 87ನೇ ಕಲಂ ಓದಿ. ತಜ್ಞರ ಉಸ್ತುವಾರಿಯಲ್ಲಷ್ಟೇ ಬಳಸಬೇಕಾದ ಉತ್ಪನ್ನವಾಗಿದ್ದು, ತಯಾರಕರು ಆ ತಜ್ಞರಿಗೆ ಎಚ್ಚರಿಕೆ ಮುಟ್ಟಿಸಿದ್ದರೆ, ಎಚ್ಚರಿಕೆ ಕೊಡಲಿಲ್ಲ ಎಂಬ ದೂರು ನಿಲ್ಲುವುದಿಲ್ಲ. ಪ್ಯಾಂಟೊಪ್ರಜೋಲ್ ‘ಶೆಡ್ಯೂಲ್ ಎಚ್’ ಔಷಧ, ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ. ಡಾಕ್ಟರಿಗೆ ಹೇಳಿದ್ದೆವು ಎಂದು ಕಂಪನಿ ಅನ್ನುತ್ತದೆ. ಡಾಕ್ಟರನ್ನು ರೋಗಿ ನೋಡಿಯೇ ಇಲ್ಲ. ನಡುವೆ ಉಳಿಯುವವರು ಮೆಡಿಕಲ್ ಶಾಪಿನವರು, ಅವರು ಕೊಟ್ಟರೆಂಬುದಕ್ಕೆ ಬಿಲ್ಲೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಪಡೆದವರ ಪಾಡು ಇನ್ನೂ ಬಿಗಿ: ಹಣ ಕೊಡದವರು ಈ ಕಾಯ್ದೆಯ ಕಣ್ಣಲ್ಲಿ ಸಾಮಾನ್ಯವಾಗಿ ಗ್ರಾಹಕರೇ ಅಲ್ಲ.

ಕಾರಣ ಸಾಬೀತುಪಡಿಸುವುದು ಅದಕ್ಕಿಂತ ಕಷ್ಟ. ತೋಟದ ಕೆಲಸದಲ್ಲಿ ಸೊಂಟ ಹಿಡಿದವರಿಗೆ ನೋವಿನ ಮಾತ್ರೆ, ಅದರ ಜೊತೆಗೊಂದು ಗ್ಯಾಸಿನದು ಎಂಬುದು ರೂಢಿ. ನೋವಿನ ಮಾತ್ರೆಯೂ ಕಿಡ್ನಿ ಕೆಡಿಸುತ್ತದೆ, ಸಕ್ಕರೆ ಕಾಯಿಲೆ, ಬಿಪಿಯೂ ಕೆಡಿಸುತ್ತವೆ. ಯಾವುದು ಎಷ್ಟು ಕೆಡಿಸಿತೆಂದು ಬೇರ್ಪಡಿಸುವುದು ಸುಲಭವಲ್ಲ. ರಾನಿಟಿಡಿನ್‌ಗೂ ಕ್ಯಾನ್ಸರ್‌ಗೂ ನಂಟು ಸಾಬೀತುಪಡಿಸಲು ಫ್ಲಾರಿಡಾದ ವಕೀಲರಿಗೇ ಆಗಲಿಲ್ಲ. ನಮ್ಮ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಗಡುವು ಎರಡು ವರ್ಷ. ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು.

ಸರ್ಕಾರದ ನಡೆಯಲ್ಲಿ ಆತುರ ಹುಡುಕಬೇಡಿ. ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್ ಹೃದಯದ ಲಯ ತಪ್ಪಿಸುತ್ತದೆಂದು ಅಮೆರಿಕದ ಮಾರುಕಟ್ಟೆಯಿಂದ 2000ದಲ್ಲಿ ಹೊರಬಿತ್ತು. ನಮ್ಮಲ್ಲಿ ನಿಷೇಧವಾದದ್ದು 2011ರ ಫೆಬ್ರುವರಿಯಲ್ಲಿ. ರಾನಿಟಿಡಿನ್ ಅನ್ನು 2022ರ ಸೆಪ್ಟೆಂಬರ್‌ನಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟರೂ ಮಾರಾಟ ನಿಷೇಧಿಸಲಿಲ್ಲ. 2025ರಲ್ಲಿ ಎನ್‌ಡಿಎಂಎ ಪ್ರಮಾಣದ ಮೇಲೆ ಕಣ್ಣಿಡುವಂತೆ, ಮಾತ್ರೆಯ ಬಾಳಿಕೆಯ ಅವಧಿ ಕಡಿಮೆ ಮಾಡುವ ಬಗ್ಗೆ ಯೋಚಿಸುವಂತೆ ತಯಾರಕರಿಗೆ ಸೂಚನೆ ಹೋಯಿತು.

ಜನರ ಕೈಗೆ ಸಿಗುವ ಎರಡು ದಾರಿ ಮಾತ್ರ ಹೆಚ್ಚು ಮಂದಿಗೆ ತಿಳಿದಿಲ್ಲ. ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಂ ಪ್ರಕಾರ, ಕೊಂಡ ಔಷಧವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಹಾಕಿದ ವರದಿ ಪಡೆಯಬಹುದು. ಇನ್ನೊಂದು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ನಡೆಸುವ ಅಡ್ಡಪರಿಣಾಮ ದಾಖಲೆಯ ವ್ಯವಸ್ಥೆ. ರೋಗಿಗಳೇ ತುಂಬುವ ಅದರ ಫಾರ್ಮ್ ಕನ್ನಡದಲ್ಲೂ ಇದೆ, ಉಚಿತ ಸಹಾಯವಾಣಿ 1800-180-3024. ಮೂತ್ರಪಿಂಡದ ಎಚ್ಚರಿಕೆ ಸೇರಿಸಲು 2020ರಲ್ಲಿ ಶಿಫಾರಸು ಹೋದದ್ದು ಇದೇ ವ್ಯವಸ್ಥೆಯಿಂದ. ಇದರಿಂದ ಪರಿಹಾರದ ಹಣ ಬರುವುದಿಲ್ಲ. ಆದರೆ ನುಂಗಿದ ಮಾತ್ರೆಯ ಹೆಸರು, ಆದ ತೊಂದರೆ, ರೋಗಿಯ ಮತ್ತು ವರದಿ ಮಾಡುವವರ ವಿವರ ಇದ್ದರೆ ಸಾಕು, ಬಿಲ್ ಕೇಳುವುದಿಲ್ಲ.