ಶಂಖದೊಳಗಿನ ಸನ್ಯಾಸಿಗೆ ಕುಂದಾಣದಲ್ಲಿ ಮನೆಯೆಲ್ಲಿ?

ಡಿಸೆಂಬರ್ ಬಂತೆಂದರೆ ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಸುತ್ತಮುತ್ತ ಶಾಲಾ ಪ್ರವಾಸದ ಗಡಿಬಿಡಿ. ಧರ್ಮಸ್ಥಳ, ಉಡುಪಿ, ಮುರುಡೇಶ್ವರ ಎಂದು ಮೂರು ನಾಲ್ಕು ದಿನ ಸುತ್ತಿ ಬರುವ ಮಕ್ಕಳ ಚೀಲದಲ್ಲಿ ಪ್ರಸಾದದ ಪೊಟ್ಟಣದ ಜೊತೆಗೆ ಮಲ್ಪೆಯ ಕಡಲತೀರದಲ್ಲಿ ಹೆಕ್ಕಿದ ಒಂದು ಹಿಡಿ ಚಿಪ್ಪು ಶಂಖಗಳೂ ಇರುತ್ತವೆ. ಊರಿಗೆ ಬಂದ ಎರಡು ಮೂರು ದಿನಕ್ಕೆ ಚೀಲದಿಂದ ಕೊಳೆತ ಮೀನಿನ ವಾಸನೆ ಏಳುತ್ತದೆ. 'ಏನೋ ತಂದಿದ್ದೀಯ ಇದು?' ಎಂದು ತಾಯಿ ಮೂಗು ಮುಚ್ಚಿಕೊಂಡು ಶಂಖವನ್ನು ಕೊಡವಿದರೆ ಒಳಗಿನಿಂದ ಕಾಲು ಮುದುರಿಕೊಂಡ ಪುಟ್ಟ ಜೀವಿಯೊಂದು ಕೆಳಗೆ ಬೀಳುತ್ತದೆ. ಖಾಲಿ ಎಂದುಕೊಂಡು ತಂದ ಶಂಖದೊಳಗೆ ಬಾಡಿಗೆದಾರನೊಬ್ಬನಿದ್ದ!

ಇದೇ ಸನ್ಯಾಸಿ ಏಡಿ. ಜೀವಶಾಸ್ತ್ರದ ಪುಸ್ತಕದಲ್ಲಿ ಬೆನ್ನ ಮೇಲೆ ಕಡಲ ಹೂವನ್ನು ಹೊತ್ತು ನಡೆಯುವ ಚಿತ್ರ ನೋಡಿದವರಿಗೆ ಇದರ ಪರಿಚಯ ಉಂಟು. ಶತ್ರು ಹತ್ತಿರ ಬಂದರೆ ಕಡಲ ಹೂವಿನ ಕುಟುಕುವ ಎಳೆಗಳು ಏಡಿಯನ್ನು ಕಾಯುತ್ತವೆ. ಏಡಿ ತಿಂದು ಚೆಲ್ಲಿದ ಚೂರುಪಾರು ಕಡಲ ಹೂವಿಗೆ ಊಟ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಬರೆದರೆ ಸಾಕು. ಆದರೆ ಈ ಪ್ರಾಣಿಯ ಸ್ವಾರಸ್ಯ ಇರುವುದು ಶಂಖದ ಒಳಗೆ.

ಮಾಮೂಲಿ ಏಡಿಗೆ ಮೈತುಂಬ ಗಟ್ಟಿ ಕವಚ. ಸನ್ಯಾಸಿ ಏಡಿಗೆ ತಲೆ, ಎದೆ, ಕೊಂಡಿ, ಕಾಲುಗಳಿಗೆ ಮಾತ್ರ ಕವಚದ ಭಾಗ್ಯ. ಉದರ ಮೆತ್ತಗಿದ್ದು, ಬಲಕ್ಕೆ ಸುರುಳಿ ತಿರುಗಿರುತ್ತದೆ. ಆ ಮೆತ್ತನೆಯ ಭಾಗವನ್ನು ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ತೂರಿಸಿಕೊಂಡು ಬದುಕುತ್ತದೆ. ಹತ್ತು ಕಾಲುಗಳಲ್ಲಿ ಮೊದಲ ಜೋಡಿ ಕೊಂಡಿಗಳು. ಮುಂದಿನ ಎರಡು ಜೋಡಿ ನಡೆಯಲಿಕ್ಕೆ. ಕೊನೆಯ ಎರಡು ಜೋಡಿ ಬಹಳ ಚಿಕ್ಕವು, ಚಿಪ್ಪಿನ ಒಳಗೋಡೆಗೆ ಒತ್ತಿ ನಿಲ್ಲುವುದೇ ಅವುಗಳ ಕೆಲಸ. ಉದರದ ತುದಿಯಲ್ಲಿರುವ ಕೊಕ್ಕೆ ಚಿಪ್ಪಿನ ನಡುಗಂಬವನ್ನು ಭದ್ರವಾಗಿ ಹಿಡಿದಿರುತ್ತದೆ. ಹೊರಗಿನಿಂದ ಎಳೆದರೆ ಏಡಿ ಹರಿದು ಸಾಯುತ್ತದೆಯೇ ಹೊರತು ಚಿಪ್ಪು ಬಿಡುವುದು ಅಪರೂಪ.

ಗುಹೆಯೊಳಗೆ ಒಂಟಿಯಾಗಿ ಕೂತಂತೆ ಕಾಣುವುದರಿಂದ ಸನ್ಯಾಸಿ ಎಂಬ ಹೆಸರು ಬಂದಿರಬೇಕು. ನಿಜಕ್ಕೂ ಇದು ಸಂತೆಯ ಜೀವಿ, ಗುಂಪುಗುಂಪಾಗಿ ಓಡಾಡುತ್ತದೆ. ಮೈ ಬೆಳೆದಂತೆ ಹಳೆಯ ಚಿಪ್ಪು ಬಿಗಿಯಾಗುತ್ತದೆ, ದೊಡ್ಡದೊಂದು ಬೇಕಾಗುತ್ತದೆ. ತೀರದಲ್ಲಿ ದೊಡ್ಡ ಖಾಲಿ ಚಿಪ್ಪೊಂದು ಸಿಕ್ಕರೆ ಅದರ ಸುತ್ತ ಏಡಿಗಳು ಕೂಡಿ, ದೊಡ್ಡದರಿಂದ ಚಿಕ್ಕದರವರೆಗೆ ಸಾಲುಗಟ್ಟುವುದೂ ಉಂಟು. ಮೊದಲನೆಯದು ಹೊಸ ಮನೆಗೆ ಹಾರಿದೊಡನೆ ಅದರ ಹಳೆಯ ಮನೆಗೆ ಎರಡನೆಯದು, ಅದರದಕ್ಕೆ ಮೂರನೆಯದು. ಒಂದು ಚಿಪ್ಪಿನಿಂದ ಐದಾರು ಸಂಸಾರಗಳ ವಸತಿ ಸಮಸ್ಯೆ ತೀರಿತು! ನಾವು ತೀರದಿಂದ ಅಂದದ ಚಿಪ್ಪೊಂದನ್ನು ಎತ್ತಿಕೊಂಡು ಬಂದಾಗ ಈ ಸಾಲಿನ ಮೊದಲ ಕೊಂಡಿಯನ್ನೇ ಕಳಚಿದಂತೆ. ಚಿಪ್ಪಿಲ್ಲದ ಕಡೆ ಇವು ಬಾಟಲಿಯ ಮುಚ್ಚಳವನ್ನೂ ಹೊತ್ತು ತಿರುಗುತ್ತವೆ. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳು ಹಾಗೂ ಪೆಸಿಫಿಕ್‌ನ ಹೆಂಡರ್‌ಸನ್ ದ್ವೀಪದಲ್ಲಿ ಪ್ಲಾಸ್ಟಿಕ್ ಡಬ್ಬಿಗಳೊಳಗೆ ಸಿಕ್ಕಿ ಸತ್ತ ಸನ್ಯಾಸಿ ಏಡಿಗಳ ಸಂಖ್ಯೆ ಸುಮಾರು 5 ಲಕ್ಷ 70 ಸಾವಿರ ಎಂದು 2019ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು.

ಸಾಕುವವರ ಕಷ್ಟ, ಸಾಕಿಸಿಕೊಳ್ಳುವವರ ಕಷ್ಟ

ಮಲ್ಪೆಯ ಬಂಡೆಗಳ ನಡುವೆ ಸಿಗುವ ಸನ್ಯಾಸಿ ಏಡಿ ಸಮುದ್ರವಾಸಿ. ಬಕೆಟ್ಟಿನ ಸಿಹಿನೀರಿಗೆ ಬಿಟ್ಟರೆ ಅದರ ಕಥೆ ಬೇಗ ಮುಗಿಯಿತು. ಇನ್ನೊಂದು ಬಗೆ ಉಂಟು. ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳ ತೀರದಲ್ಲಿ ನೆಲದ ಮೇಲೆ ಓಡಾಡುವ ಸನ್ಯಾಸಿ ಏಡಿಗಳು ಇದಕ್ಕೆ ಸೇರುತ್ತವೆ. ಇವು ನೀರಿನಲ್ಲಿ ಹೆಚ್ಚು ಹೊತ್ತು ಮುಳುಗಿದ್ದರೆ ಉಸಿರುಗಟ್ಟಿ ಸಾಯುತ್ತವೆ. ಪೇಟೆಯ ಅಂಗಡಿಗಳಲ್ಲಿ 'ಸುಲಭವಾಗಿ ಸಾಕಬಹುದು' ಎಂದು ಬಣ್ಣ ಬಳಿದ ಚಿಪ್ಪಿನ ಸಮೇತ ಮಾರುವುದು ಈ ಜಾತಿಯನ್ನು. ಮಗುವಿನ ಹುಟ್ಟುಹಬ್ಬಕ್ಕೆಂದು ಒಂದನ್ನು ಕೊಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಹಿಡಿ ಜಲ್ಲಿ ಹಾಕಿ, ಬಿಸ್ಕತ್ತಿನ ಚೂರು ಕೊಟ್ಟರೆ ಆಯಿತೆಂದು ನಂಬಿದ ತಂದೆತಾಯಿಯರು ಇದ್ದಾರೆ. ತಪ್ಪು ಅವರದಲ್ಲ, ಹೇಳಿ ಮಾರುವವರದು.

ಈಗಾಗಲೇ ತಂದಿದ್ದರೆ ಏನು ಮಾಡಬೇಕು? ಮೊದಲು ಹವೆ. ನೆಲದ ಸನ್ಯಾಸಿ ಏಡಿ ಉಸಿರಾಡುವುದು ಮಾರ್ಪಾಟಾದ ಕಿವಿರುಗಳಿಂದ. ಅವು ಸದಾ ಒದ್ದೆಯಾಗಿರಬೇಕು. ಗಾಳಿಯ ತೇವ ಶೇಕಡ 75ರಿಂದ 85, ಶಾಖ 24ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಕ್ಷೇಮ. ಕುಂದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿ. ಪುಷ್ಯ ಮಾಸದ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಾರ್ಚಿಯ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಹವೆ. ದ್ರಾಕ್ಷಿಗೆ, ಚಕ್ಕೋತಕ್ಕೆ ಹೇಳಿ ಮಾಡಿಸಿದ ಈ ಹವೆ ಕಡಲತೀರದ ಜೀವಿಗೆ ನಿಧಾನದ ಉರುಳು. ಆದ್ದರಿಂದ ತಂತಿಬಲೆಯ ಪೆಟ್ಟಿಗೆ ಬೇಡ, ಗಾಜಿನ ತೊಟ್ಟಿಗೆ ಗಾಜಿನ ಮುಚ್ಚಳವೇ ಬೇಕು.

ನೀರು ಎರಡು ಬಟ್ಟಲಿನಲ್ಲಿ: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಎರಡರಲ್ಲೂ ಹತ್ತಿ ಇಳಿಯಲು ಕಲ್ಲಿರಲಿ. ಅಡಿಗೆಮನೆಯ ಅಯೋಡಿನ್ ಉಪ್ಪು ಸಲ್ಲದು, ಸಮುದ್ರಮೀನಿನ ತೊಟ್ಟಿಗೆ ಹಾಕುವ ಲವಣದ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಕಿವಿರಿಗೆ ಕೇಡು. ಕ್ಲೋರಿನ್ ಬೆರೆಸದ ಕೊಳವೆಬಾವಿ ನೀರಾದರೆ ಆ ಚಿಂತೆಯಿಲ್ಲ. ಆಹಾರದಲ್ಲಿ ರಗಳೆ ಕಡಿಮೆ. ಹಣ್ಣು, ಸೊಪ್ಪು, ಮೀನು, ತೆಂಗಿನಕಾಯಿ, ಒಣಗಿದ ಎಲೆ ಎಲ್ಲವೂ ಆದೀತು. ಸುಣ್ಣದ ಅಂಶಕ್ಕೆ ಪುಡಿಮಾಡಿದ ಮೊಟ್ಟೆಯ ಚಿಪ್ಪು ಅಥವಾ ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಎಂದು ಸಿಗುವ ಬಿಳಿಯ ವಸ್ತು ಕೊಡಬಹುದು. ಬಣ್ಣ ಬಳಿಯದ, ತುಸು ದೊಡ್ಡ ಖಾಲಿ ಚಿಪ್ಪುಗಳು ಮೂರು ನಾಲ್ಕಾದರೂ ಇರಬೇಕು. ಬಳಿದ ಬಣ್ಣ ಎದ್ದು ಬಂದರೆ ಏಡಿ ಅದನ್ನೂ ಕೆರೆದು ತಿನ್ನುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮರಳು. ಹಾವಿನಂತೆ ಏಡಿಯೂ ಪೊರೆ ಕಳಚಿಯೇ ಬೆಳೆಯಬೇಕು. ಇದಕ್ಕಾಗಿ ಒದ್ದೆ ಮರಳಿನಲ್ಲಿ ತನ್ನನ್ನು ತಾನೇ ಹೂತುಕೊಳ್ಳುತ್ತದೆ. ಚಿಕ್ಕವು ಕೆಲವು ವಾರ, ದೊಡ್ಡವು ಎರಡು ತಿಂಗಳವರೆಗೂ ಮೇಲೆ ಬಾರವು. ಕಳಚಿದ ಕವಚವನ್ನು ತಾವೇ ತಿಂದು ಸುಣ್ಣವನ್ನು ಮರಳಿ ಪಡೆಯುತ್ತವೆ. ತೊಟ್ಟಿಯ ಅತಿ ದೊಡ್ಡ ಏಡಿಯ ಮೂರು ಪಟ್ಟು ಆಳಕ್ಕಾದರೂ ಮರಳು ಇಲ್ಲದಿದ್ದರೆ ಈ ಕೆಲಸ ಕೆಡುತ್ತದೆ. ಎಷ್ಟೋ ಮನೆಗಳಲ್ಲಿ ಅನಾಹುತ ಆಗುವುದು ಇಲ್ಲೇ. ಏಡಿ ಕಾಣುತ್ತಿಲ್ಲವೆಂದು ಕೆದಕುತ್ತಾರೆ, ಅಲುಗದೆ ಬಿದ್ದಿದ್ದನ್ನು ಸತ್ತಿತೆಂದು ತಿಪ್ಪೆಗೆ ಎಸೆಯುತ್ತಾರೆ. ಮೈ ಮೆತ್ತಗಿದ್ದ ಆ ಹೊತ್ತಿನಲ್ಲಿ ಅದು ಬದುಕೇ ಇತ್ತು! ನಿಜವಾಗಿ ಸತ್ತ ಏಡಿ ಕೊಳೆತ ಮೀನಿನಂತೆ ನಾರುತ್ತದೆ. ವಾಸನೆ ಇಲ್ಲದಿದ್ದರೆ ಕೈಹಾಕದೆ ಕಾಯುವುದು ಕ್ಷೇಮ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ದಾಟಿ ಬದುಕಬಲ್ಲ ಪ್ರಾಣಿ ಇದು. ಅಂಗಡಿಯಿಂದ ಬಂದವುಗಳಲ್ಲಿ ಬಹಳಷ್ಟು ಮೊದಲ ವರ್ಷವನ್ನೇ ಕಾಣವು.

ಮರಿ ಮಾಡಿಸಬಹುದೇ?

'ಎರಡು ತಂದರೆ ಮರಿ ಹಾಕುತ್ತವಾ ಸಾರ್?' ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ. ಹೆಣ್ಣು ಸಾವಿರಾರು ಮೊಟ್ಟೆಗಳನ್ನು ಚಿಪ್ಪಿನೊಳಗೆ ಉದರಕ್ಕೆ ಅಂಟಿಸಿಕೊಂಡು ಹೆಚ್ಚುಕಡಿಮೆ ಒಂದು ತಿಂಗಳು ಹೊತ್ತು ತಿರುಗುತ್ತದೆ. ಆಮೇಲೆ ಅಲೆಯಂಚಿಗೆ ಇಳಿದು ಅವನ್ನು ಸಮುದ್ರಕ್ಕೆ ಬಿಡುತ್ತದೆ. ಒಡೆದು ಬರುವ ಮರಿಗೆ ಏಡಿಯ ಹೋಲಿಕೆಯೇ ಇಲ್ಲ. ಕೆಲವೇ ಮಿಲಿಮೀಟರ್ ಉದ್ದದ, ದೊಡ್ಡ ಕಣ್ಣಿನ, ಪಾರದರ್ಶಕ ಡಿಂಬ. ತೇಲುತ್ತ, ಕಣ್ಣಿಗೆ ಕಾಣದ ಜೀವಿಗಳನ್ನು ತಿನ್ನುತ್ತ, ಹಲವು ಬಾರಿ ಪೊರೆ ಕಳಚಿ, ವಾರಗಟ್ಟಲೆ ಕಳೆದ ಮೇಲೆ ಎಳ್ಳಿನಷ್ಟು ದೊಡ್ಡ ಚಿಪ್ಪೊಂದನ್ನು ಹುಡುಕಿಕೊಂಡು ನೆಲಕ್ಕೆ ಬರುತ್ತದೆ. ಸಾವಿರಕ್ಕೆ ಒಂದೋ ಎರಡೋ ಆ ಘಟ್ಟ ಮುಟ್ಟಿದರೆ ಪುಣ್ಯ.

ಈ ಕಡಲನ್ನು ಮನೆಯೊಳಗೆ ಕಟ್ಟುವುದು ಹೇಗೆ? ಅಮೆರಿಕದ ಕೆಲವು ಹವ್ಯಾಸಿಗಳು 2018ರ ಸುಮಾರಿಗೆ ಇದನ್ನು ಸಾಧಿಸಿದರು. ಸದಾ ಬೆಚ್ಚಗಿನ, ಸದಾ ಚಲಿಸುವ ಉಪ್ಪುನೀರು, ದಿನಕ್ಕೆ ಹಲವು ಬಾರಿ ಜೀವಂತ ಆಹಾರ, ನಿದ್ದೆಗೆಟ್ಟು ಶುಚಿ ಮಾಡುವ ತಾಳ್ಮೆ ಎಲ್ಲವೂ ಬೇಕಾಯಿತು. ಅಷ್ಟಾಗಿ ಉಳಿದ ಮರಿಗಳು ಕೆಲವೇ. ಹೀಗಾಗಿ ಅಂಗಡಿಯಲ್ಲಿ ಕಾಣುವ ಹೆಚ್ಚುಕಡಿಮೆ ಪ್ರತಿಯೊಂದು ಸನ್ಯಾಸಿ ಏಡಿಯೂ ಯಾವುದೋ ತೀರದಿಂದ ಹಿಡಿದು ತಂದದ್ದೇ. ಇದೇ ಬಳಗದ ಅತಿ ದೊಡ್ಡ ಸದಸ್ಯ, ನಿಕೋಬಾರ್ ಕಡೆಯ ತೆಂಗಿನ ಏಡಿಯನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮುಟ್ಟಬಾರದ ಪಟ್ಟಿಗೆ ಸೇರಿಸಿದೆ. 2001ರಲ್ಲಿ ಕೆಲವು ಬಗೆಯ ಕಡಲ ಚಿಪ್ಪುಗಳೂ ಕಾಯಿದೆಯ ರಕ್ಷಣೆಗೆ ಬಂದವು.

ಹಾಗಾದರೆ ಏಡಿಯ ಮರಿ ನೋಡುವ ಆಸೆಯ ಮಗು ಏನು ಮಾಡಬೇಕು? ಅದಕ್ಕೆ ಕುಂದಾಣದಲ್ಲೇ ಉತ್ತರವಿದೆ. ಹದಿಮೂರನೆಯ ಶತಮಾನದ ಕೊನೆಗೆ ಹೊಯ್ಸಳ ರಾಮನಾಥ ತಮಿಳುನಾಡಿನ ಕಣ್ಣಾನೂರನ್ನು ಕಳೆದುಕೊಂಡು ಬಂದು ನೆಲೆನಿಂತ ಊರು ಇದು. ಸನ್ಯಾಸಿ ಏಡಿಯಂತೆ ಅವನೂ ಚಿಪ್ಪು ಬದಲಿಸಿದ ಎನ್ನಿ! ಇಂಥ ಊರುಗಳ ಕೆರೆಯಂಚಿನಲ್ಲಿ, ತೂಬಿನ ಕೆಳಗೆ, ಗದ್ದೆಯ ಬದುವಿನಲ್ಲಿ ಇರುವುದು ಸಾರಿಗೆ ಬೀಳುವ ಮಾಮೂಲಿ ಏಡಿಕಾಯಿ. ಬದು ಕೊರೆದು ನೀರು ಸೋರಿಸುತ್ತದೆಂದು ರೈತರಿಂದ ಬೈಸಿಕೊಳ್ಳುವ ಈ ಪ್ರಾಣಿ ಕಡಲಿನ ಹಂಗನ್ನೇ ಬಿಟ್ಟಿದೆ. ಇದರ ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ. ತೇಲುವ ಡಿಂಬದ ಹಂತವೆಲ್ಲ ಮೊಟ್ಟೆಯೊಳಗೇ ಮುಗಿದು, ಹೊರಬರುವಾಗಲೇ ಅದು ಪುಟಾಣಿ ಏಡಿ. ಕಾಲು, ಕೊಂಡಿ ಎಲ್ಲ ಸಿದ್ಧ. ಬಂದಮೇಲೂ ಕೆಲವು ದಿನ ತಾಯಿಯ ಹೊಟ್ಟೆಯ ಮಡಿಕೆಯಲ್ಲೇ ಗಿಜಿಗುಟ್ಟಿಕೊಂಡಿರುತ್ತವೆ.

ಏಡಿಯನ್ನು ಹಿಂದಿನಿಂದ, ಬೆನ್ನಿನ ಎರಡು ಪಕ್ಕ ಹಿಡಿದು ತಿರುಗಿಸಿ ನೋಡಿ. ಹೊಟ್ಟೆಗೆ ಅಂಟಿದ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಮನೆಯಲ್ಲಿ ಎರಡು ಮೂರು ದಿನ ಗಮನಿಸಬೇಕೆಂದರೆ ಅಗಲವಾದ ತೊಟ್ಟಿಯಲ್ಲಿ ಒಂದು ಕಡೆ ಕೆರೆಯ ಮಣ್ಣನ್ನು ಇಳಿಜಾರಾಗಿ ಹಾಕಿ, ಇನ್ನೊಂದು ಕಡೆ ಎರಡು ಬೆರಳು ನೀರು ನಿಲ್ಲಿಸಿ, ಅವಿತುಕೊಳ್ಳಲು ಹೆಂಚಿನ ಚೂರು ಇಡಿ. ಒಂದು ತೊಟ್ಟಿಗೆ ಒಂದೇ ಏಡಿ, ಜೊತೆಗಿಟ್ಟರೆ ಕಾದಾಡುತ್ತವೆ. ಗಾಳಿಯಾಡುವ ಮುಚ್ಚಳದ ಮೇಲೆ ಕಲ್ಲು ಹೇರದಿದ್ದರೆ ಬೆಳಗಾಗುವಷ್ಟರಲ್ಲಿ ಅಡಿಗೆಮನೆ ಸೇರಿರುತ್ತದೆ. ಅನ್ನದ ಅಗುಳು, ಎರೆಹುಳು, ಸೊಪ್ಪು ಕೊಟ್ಟು, ಉಳಿದದ್ದನ್ನು ಮರುದಿನ ತೆಗೆಯಿರಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಸಿಹಿನೀರಿನ ಏಡಿಯನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿಂದರೆ ಶ್ವಾಸಕೋಶದ ಹುಳುವಿನ ರೋಗ ಬರಬಹುದು ಎಂಬುದೂ ನೆನಪಿರಲಿ. ಬಿಲಕ್ಕೆ ಮಾತ್ರ ಎಂದೂ ಕೈ ಹಾಕಕೂಡದು, ಏಡಿ ಬಿಟ್ಟುಹೋದ ಬಿಲದಲ್ಲಿ ಹಾವಿರುವುದುಂಟು. ಕೆರೆಯ ಹತ್ತಿರ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು.

ಇವುಗಳಲ್ಲಿ ಇನ್ನೂ ಹೆಸರಿಡದವೂ ನಮ್ಮ ರಾಜ್ಯದಲ್ಲಿವೆ ಎಂಬುದಕ್ಕೆ ಉತ್ತರ ಕನ್ನಡದ ಯಲ್ಲಾಪುರ ಸಾಕ್ಷಿ. ಅಲ್ಲಿ ಸಿಕ್ಕ ಬಿಳಿ ಮತ್ತು ನೇರಳೆ ಬಣ್ಣದ ಏಡಿಗೆ 2022ರಲ್ಲಿ ಘಾಟಿಯಾನ ದ್ವಿವರ್ಣ ಎಂದು ನಾಮಕರಣವಾಯಿತು.

ಮರಿ ಹೊತ್ತ ತಾಯಿ ಸಿಕ್ಕಿದರೆ ಮನೆಗೆ ತರದೆ ಅಲ್ಲೇ ನೋಡುವುದು ವಾಸಿ. ಮುಂಗಾರಿನ ದಿನಗಳಲ್ಲಿ, ಕತ್ತಲಾದ ಮೇಲೆ, ಬ್ಯಾಟರಿ ಹಿಡಿದು ತೂಬಿನ ಕಾಲುವೆಯ ದಂಡೆಯಲ್ಲಿ ಸದ್ದಿಲ್ಲದೆ ಕೂತರೆ ಸಾಕು. ಅದು ಮಡಿಕೆಯನ್ನು ತುಸು ಸಡಿಲಿಸಿದಾಗ ಹೆಸರುಕಾಳಿನಷ್ಟಿರುವ ಮರಿಗಳು ಒಂದೊಂದಾಗಿ ಇಳಿಯುತ್ತವೆ. ಬೆಳಕು ನೇರವಾಗಿ ಬಿದ್ದರೆ ತಾಯಿ ಮಡಿಕೆಯನ್ನು ಬಿಗಿದು ಬಿಲಕ್ಕೆ ಸರಿಯುತ್ತದೆ. ಬ್ಯಾಟರಿಯ ಮುಖಕ್ಕೆ ಕೆಂಪು ಬಣ್ಣದ ಕಾಗದ ಕಟ್ಟಿಕೊಂಡರೆ ಅಷ್ಟು ಬೆದರುವುದಿಲ್ಲ.